ನಡುವಿನ ಸೀಟು

ಇವತ್ತು ಬೆಳಿಗ್ಗೆ ಕನ್ನಡಕ ಹುಡುಕುತ್ತ ಚೀಲದೊಳಗೆ ಕೈ ಹಾಕಿದರೆ ಒಂದು ಕರ್ಚೀಫು ಕೈಗೆ ಬಂತು. ನನ್ನದೇ. ಬಿಳಿಯದು, ಅಂಚಿಗೆ ನೀಲಿ ಗೆರೆ, ಗಂಡಸರು ಬಳಸುವಷ್ಟು ದೊಡ್ಡದು. ಆದರೆ ಅದರ ವಾಸನೆ ನಮ್ಮ ಮನೆಯದಲ್ಲ. ನಮ್ಮ ಸೊಸೆ ಬಟ್ಟೆಗೆ ಹಾಕುವ ಪುಡಿಗೆ ಮಲ್ಲಿಗೆಯ ವಾಸನೆ. ಇದಕ್ಕೆ ನಿಂಬೆಹಣ್ಣಿನ ಸಾಬೂನಿನ ವಾಸನೆ. ಕಲ್ಲಿನ ಮೇಲೆ ತಿಕ್ಕಿ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಮಡಿಚಿಟ್ಟಿದ್ದರು. ಇದು ನನ್ನ ಚೀಲದೊಳಗೆ ಯಾವಾಗ ಬಂತು ಎಂದು ನನಗೆ ಗೊತ್ತಿರಲಿಲ್ಲ. ಯಾರು ಹಾಕಿದ್ದು ಎಂಬುದು ಮಾತ್ರ ಮೂಗಿಗೆ ಹಿಡಿದ ಕೂಡಲೇ ಗೊತ್ತಾಯಿತು.

ಸೊಸೆ ಅಡುಗೆಮನೆಯಿಂದ ಇಣುಕಿ, "ನೆಗಡಿ ಆಗ್ಯಾದೇನ್ರೀ ಅತ್ತೀ?" ಎಂದಳು. ಹೌದು ಎಂದೆ. ಪಿಂಚಣಿ ತಿನ್ನುವ ಹೆಂಗಸು ಬೆಳಿಗ್ಗೆ ಬೆಳಿಗ್ಗೆ ಕರ್ಚೀಫಿನ ವಾಸನೆ ನೋಡುತ್ತ ಕೂತಿದ್ದಾಳೆ ಎಂಬ ಸುದ್ದಿ ಸೇಡಂ ತುಂಬ ಹರಡುವುದಕ್ಕಿಂತ ನೆಗಡಿಯೇ ವಾಸಿ.

ನನ್ನ ಚೀಲದಲ್ಲಿ ಯಾವಾಗಲೂ ಎರಡು ಕರ್ಚೀಫು ಇರುತ್ತವೆ. ಒಂದು ಮುಖಕ್ಕೆ, ಇನ್ನೊಂದು ಸೀಟಿಗೆ. ಸೀಟಿಗೆ ಎಂದರೆ ನಿಮಗೆ ಅರ್ಥವಾಗಬೇಕಾದರೆ ನೀವು ಅಪ್‌ಡೌನ್ ಮಾಡಿದವರಾಗಿರಬೇಕು. ನಮ್ಮ ಕಡೆ ಸರ್ಕಾರಿ ನೌಕರರಿಗೆ ಮೊದಲು ಕೇಳುವುದು ಸಂಬಳವನ್ನಲ್ಲ. "ಇಲ್ಲೇ ಮನಿ ಮಾಡ್ಯಾರೋ, ಅಪ್‌ಡೌನ್ ಮಾಡ್ತಾರೋ?" ಎಂದು ಕೇಳುತ್ತಾರೆ. ನಾನು ಅಪ್‌ಡೌನ್ ಜಾತಿಯವಳು. ಗಂಡನಿಗೆ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ, ನನಗೆ ಸೇಡಂನಲ್ಲಿ ಶಾಲೆ. ಬೆಳಗಿನ ಪ್ಯಾಸೆಂಜರ್ ವಾಡಿಗೆ ಬರುವ ಹೊತ್ತಿಗೆ ಪ್ಲಾಟ್‌ಫಾರ್ಮಿನ ತುಂಬ ನನ್ನಂಥವರೇ. ಗಾಡಿ ನಿಲ್ಲುವ ಮೊದಲೇ ಕಿಟಕಿಯ ಸರಳುಗಳ ನಡುವಿನಿಂದ ಕರ್ಚೀಫು ಒಳಗೆ ಎಸೆಯಬೇಕು. ಅದು ಯಾವ ಸೀಟಿನ ಮೇಲೆ ಬಿದ್ದಿತೋ ಆ ಸೀಟು ನಿಮ್ಮದು. ಇದು ಯಾವ ಪುಸ್ತಕದಲ್ಲೂ ಬರೆಯದ ಕಾಯ್ದೆ, ಆದರೆ ಬರೆದ ಕಾಯ್ದೆಗಳಿಗಿಂತ ಹೆಚ್ಚು ಜನ ಇದನ್ನು ಪಾಲಿಸುತ್ತಿದ್ದರು. ನನ್ನ ಗುರಿ ಚೆನ್ನಾಗಿತ್ತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದಕ್ಕೆ ಯಾರೂ ಹೊಗಳಲಿಲ್ಲ, ಕರ್ಚೀಫು ಎಸೆಯುವುದಕ್ಕೆ ಮಾತ್ರ ಗಾಡಿಯ ತುಂಬ ಹೆಸರಿತ್ತು.

ಆ ಗಾಡಿಯಲ್ಲಿ ಸಿಕ್ಕವರೇ ಗಿರಿಜಾ ಮತ್ತು ಖೈರುನ್ನಿಸಾ. ಗಿರಿಜಾ ಚಿತ್ತಾಪುರದ ಆಸ್ಪತ್ರೆಯಲ್ಲಿ ನರ್ಸು. ಗಟ್ಟಿ ದನಿ, ಗಟ್ಟಿ ಹೆಜ್ಜೆ, ಬಿಸಿಲಿರಲಿ ಬಿಡಲಿ ಕಂಕುಳಲ್ಲಿ ಒಂದು ಛತ್ರಿ. ಖೈರು ಅಲ್ಲಿಯದೇ ಉರ್ದು ಶಾಲೆಯಲ್ಲಿ ಟೀಚರು. ಸಣ್ಣ ಮೈಕಟ್ಟಿನವಳು, ಮೂರು ಜನ ಕೂರುವ ಸೀಟಿನಲ್ಲಿ ನಾನು, ಗಿರಿಜಾ ಇಬ್ಬರೂ ಧಾರಾಳವಾಗಿ ಕೂತ ಮೇಲೆ ಉಳಿದ ಜಾಗದಲ್ಲಿ ಅವಳು ಸರಿಯಾಗಿ ಹಿಡಿಸುತ್ತಿದ್ದಳು. ಹಾಗಾಗಿ ನಡುವಿನ ಸೀಟು ಅವಳದಾಯಿತು. ಅವರಿಬ್ಬರೂ ಚಿತ್ತಾಪುರದಲ್ಲಿ ಇಳಿದರೆ ನಾನು ಮುಂದೆ ಸೇಡಂವರೆಗೆ ಒಬ್ಬಳೇ. ಸಂಜೆ ನಾನು ಮೊದಲು ಹತ್ತಿ, ಚಿತ್ತಾಪುರದಲ್ಲಿ ಹತ್ತುವ ಅವರಿಗೆ ಸೀಟು ಹಿಡಿದಿರುತ್ತಿದ್ದೆ. ಇಷ್ಟರಲ್ಲೇ ಗೆಳೆತನ ಬೆಳೆಯಿತು.

ಇನ್ನು ಜಗಳದ ಕತೆ. ಒಂದು ದಿನ ನಾನು ಎಸೆದ ಕರ್ಚೀಫು ಕಿಟಕಿಯ ಪಕ್ಕದ ಸೀಟಿನ ಮೇಲೆ ಬಿತ್ತು, ಅದನ್ನು ನನ್ನ ಎರಡು ಕಣ್ಣಿಂದ ನೋಡಿದ್ದೇನೆ. ನೂಕಾಡಿ ಒಳಗೆ ಹತ್ತಿ ನೋಡಿದರೆ ಅಲ್ಲಿ ಗಿರಿಜಾ ಕೂತಿದ್ದಾಳೆ.

"ಏಳು, ಅಲ್ಲಿ ನನ್ನ ಕರ್ಚೀಫ್ ಅದ" ಎಂದೆ.

"ಕೆಳಗ ಬಿದ್ದಿತ್ತು. ಬಿದ್ದ ಕರ್ಚೀಫಿಗಿ ಸೀಟ್ ಇರಂಗಿಲ್ಲ."

"ಅದಾಗೇ ಬಿದ್ದಿಲ್ಲ. ನೀ ಬೀಳಿಸೀದಿ."

"ಹೌದವಾ, ನಿನ್ನ ಕರ್ಚೀಫ್ ಬೀಳಸ್ಲಿಕ್ಕೇ ನಾ ವಾಡ್ಯಾಗ ಮನಿ ಮಾಡೀನಿ!"

ಗಾಡಿ ಹೊರಟಿತು. ಜಗಳವೂ ಹೊರಟಿತು. ಡಬ್ಬಿಯ ಜನ ಎರಡು ಪಕ್ಷವಾದರು. ಬಿದ್ದ ಕರ್ಚೀಫಿನ ಹಕ್ಕಿನ ಬಗ್ಗೆ ಒಬ್ಬ ವಕೀಲರ ಗುಮಾಸ್ತರು ಗಂಭೀರವಾಗಿ ಮಾತಾಡಿದ್ದು ನೆನಪಿದೆ. ಚಿತ್ತಾಪುರ ಬಂತು, ಗಿರಿಜಾ ಎದ್ದಳು. ನಾನು, "ನನ್ನ ಕರ್ಚೀಫ್ ಕೊಟ್ಟ ಹೋಗು" ಎಂದೆ. ಅವಳು ತಿರುಗಿಯೂ ನೋಡದೆ, "ಕಿಟಕ್ಯಾಗಿಂದ ಹಾರಿ ಹೋತು" ಎಂದು ಇಳಿದು ಹೋದಳು. ನನಗೆ ಮೈಯೆಲ್ಲ ಉರಿಯಿತು. ಸೀಟು ಹೋದದ್ದಕ್ಕಲ್ಲ. ಅದು ನನ್ನ ತಾಯಿ ಅಂಚಿಗೆ ಕಸೂತಿ ಹಾಕಿ ಕೊಟ್ಟ ಕರ್ಚೀಫು.

ಅವತ್ತು ಸಂಜೆ ಖೈರು ಎಂದಿನಂತೆ ನಡುವೆ ಕೂತಳು. ಒಂದು ಕಡೆ ನಾನು, ಇನ್ನೊಂದು ಕಡೆ ಗಿರಿಜಾ. ಎಷ್ಟೋ ಹೊತ್ತಿನ ಮೇಲೆ ನಾನು, "ಖೈರು, ಅಕಿಗಿ ಹೇಳು, ಛತ್ರಿ ನನ್ನ ಕಾಲಿಗಿ ಚುಚ್ಚಲಿಕತ್ತದ" ಎಂದೆ. ಖೈರು ನನ್ನ ಮುಖ ನೋಡಿದಳು, ಅವಳ ಮುಖ ನೋಡಿದಳು. "ಯಾ ಅಲ್ಲಾ! ನಾ ಏನ್ ಟೆಲಿಫೋನ್ ಎಕ್ಸ್‌ಚೇಂಜ್ ಇದ್ದೀನೇನು?" ಎಂದಳು. ಹಾಗೆಂದವಳೇ ಆ ಕೆಲಸಕ್ಕೆ ಸೇರಿಬಿಟ್ಟಳು. ಅದಕ್ಕೆ ನಿವೃತ್ತಿಯೂ ಇರಲಿಲ್ಲ, ರಜೆಯೂ ಇರಲಿಲ್ಲ.

ನಾವು ಮಾತು ಬಿಟ್ಟಿದ್ದೆವು ಎಂದು ತಿಳಿಯಬೇಡಿ. ಆಡುತ್ತಿದ್ದೆವು, ಭಾಳ ಆಡುತ್ತಿದ್ದೆವು. ನಮ್ಮ ಭಾಗದ ಗಾಡಿಗಳೆಲ್ಲ ವಯಾ ವಾಡಿ ಹೋಗುವ ಹಾಗೆ ನಮ್ಮ ಮಾತುಗಳೆಲ್ಲ ವಯಾ ಖೈರು ಹೋಗುತ್ತಿದ್ದವು, ಅಷ್ಟೇ. ಗಿರಿಜಾ ಆಡಿದ್ದು ನನ್ನ ಕಿವಿಗೆ ನೇರವಾಗಿಯೇ ಬೀಳುತ್ತಿತ್ತು. ಆದರೂ ಕೇಳಿಸದವಳಂತೆ ಕಿಟಕಿಯಾಚೆಯ ತೊಗರಿ ಹೊಲ ನೋಡುತ್ತ ಕೂತಿರುತ್ತಿದ್ದೆ. ಖೈರು ಈ ಕಡೆ ತಿರುಗಿ ಹೇಳಿದ ಮೇಲೆಯೇ ಉತ್ತರ. ಹಾಗೆ ಕಾಯುವುದರಲ್ಲಿ ಒಂದು ಲಾಭವಿತ್ತು. ಖೈರು ಯಾವ ಮಾತನ್ನೂ ಇದ್ದ ಹಾಗೆ ದಾಟಿಸುತ್ತಿರಲಿಲ್ಲ.

"ಅಕಿಗಿ ಹೇಳು, ಪುಂಡಿಪಲ್ಯಾಕ್ಕ ಉಪ್ಪ ಹಾಕೋದು ಮರ್ತಾಳ" ಎಂದು ನಾನು ಅಂದರೆ, ಖೈರು ಆ ಕಡೆ ತಿರುಗಿ, "ಗಿರಿಜಾ, ಪಲ್ಯಾ ಭಾಳ ಛಲೋ ಆಗ್ಯಾದಂತ. ಚಿಟಿಕಿ ಉಪ್ಪ ಇದ್ರ ಇನ್ನಾ ಛಲೋ ಅಂತ" ಎನ್ನುವಳು.

"ಅಕಿಗಿ ಹೇಳು, ಬಿಪಿ ಇದ್ದೋರು ಉಪ್ಪ ಕೇಳಬಾರ್ದು" ಎಂದು ಗಿರಿಜಾ ಗುಡುಗುವಳು.

ಖೈರು ನನ್ನ ಕಡೆ ತಿರುಗಿ, "ನಿನ್ನ ತಬ್ಯತ್ತಿಂದು ಭಾಳ ಫಿಕರ್ ಮಾಡ್ಲಿಕತ್ತಾಳ ನೋಡು ಪಾಪ" ಎನ್ನುವಳು.

ಎದುರು ಸೀಟಿನವರು ನಕ್ಕು ನಕ್ಕು ಸುಸ್ತಾಗುತ್ತಿದ್ದರು. ನಾವಿಬ್ಬರೂ ನಗುತ್ತಿರಲಿಲ್ಲ. ನಕ್ಕರೆ ಸೋತ ಹಾಗೆ.

ಒಮ್ಮೆ ನನ್ನ ತಾಯಿಯನ್ನು ಚಿತ್ತಾಪುರದ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿ ಗಿರಿಜಾ ಇದ್ದಳು, ಖೈರು ಇರಲಿಲ್ಲ. ಈಗ ಮಾತಾಡಲೇಬೇಕಲ್ಲ, ಏನು ಮಾಡುತ್ತಾಳೆ ನೋಡೋಣ ಎಂದು ಆ ದುಃಖದಲ್ಲೂ ನನಗೆ ಒಂದು ಕುತೂಹಲವಿತ್ತು. ಅವಳು ತಾಯಿಯ ಹಾಸಿಗೆಯ ಹತ್ತಿರ ಬಂದು, ಜ್ವರದಲ್ಲಿ ಎಚ್ಚರವಿಲ್ಲದೆ ಮಲಗಿದ್ದವಳಿಗೆ, "ಯವ್ವಾ, ನಿಮ್ಮ ಮಗಳಿಗಿ ಹೇಳ್ರಿ, ನಿನ್ನಿಯಿಂದ ಉಂಡಿಲ್ಲಂತ. ಹೊರಗ ಡಬ್ಬಿ ಇಟ್ಟೀನಿ, ಉಂಡ ಬಾ ಅನ್ರಿ. ನೀವೇನು ಎಲ್ಲಿ ಓಡಿ ಹೋಗಂಗಿಲ್ಲ, ನಾ ಕುಂತಿರ್ತೀನಿ" ಎಂದಳು. ನಾನು ಹೊರಗೆ ಹೋಗಿ ಡಬ್ಬಿ ತೆಗೆದೆ. ರೊಟ್ಟಿ, ಪುಂಡಿಪಲ್ಯ. ಉಪ್ಪು ಸರಿಯಾಗಿತ್ತು. ತಾಯಿ ಗುಣವಾಗಿ ಮನೆಗೆ ಬರುವವರೆಗೆ ಗಿರಿಜಾ ತನ್ನ ಡ್ಯೂಟಿ ಮುಗಿದರೂ ಮನೆಗೆ ಹೋದವಳಲ್ಲ. ನಾನು ಥ್ಯಾಂಕ್ಸ್ ಹೇಳಿದೆ, ಖೈರುಗೆ. ಖೈರು ಅದನ್ನು ದಾಟಿಸಿದಳು. ಗಿರಿಜಾ ಅದಕ್ಕೆ, "ಅಕಿಗಿ ಹೇಳು, ಅಕಿ ಸಲುವಾಗಿ ಮಾಡಿಲ್ಲ, ಮುದುಕಿ ಸಲುವಾಗಿ ಮಾಡೀನಿ" ಎಂದಳು. ಆ ಮಾತನ್ನು ಖೈರು ನನಗೆ ದಾಟಿಸಲಿಲ್ಲ.

ಮುಂದೆ ಮೂವರೂ ನಿವೃತ್ತರಾದೆವು. ನಾನು ಸೇಡಂನಲ್ಲಿ ಮನೆ ಕಟ್ಟಿಸಿದೆ. ಗಿರಿಜಾ ಚಿತ್ತಾಪುರದಲ್ಲೇ ನೆಲೆಸಿದಳು. ಖೈರು ಶಹಾಬಾದಿನ ತವರು ಮನೆಗೆ ಮಗಳೊಂದಿಗೆ ಹೋದಳು. ನೆಲಕ್ಕೆಲ್ಲ ಫರಸಿ ಕಲ್ಲು ಹಾಸಿದ ಹಳೆಯ ಮನೆ, ಬೇಸಿಗೆಯಲ್ಲಿ ನೀರು ಹೊಡೆದರೆ ಕಾಲಿಗೆ ಹಿತ. ಇನ್ನು ಗೆಳೆತನ ಫೋನಿನಲ್ಲೇ ಎಂದುಕೊಂಡಿದ್ದೆ. ಖೈರು ಬಿಡಲಿಲ್ಲ. ತಿಂಗಳಿಗೊಮ್ಮೆ ಎರಡನೇ ಶನಿವಾರ ವಾಡಿ ಸ್ಟೇಷನ್ನಿನಲ್ಲಿ ಸೇರಬೇಕೆಂದು ಕಾಯ್ದೆ ಮಾಡಿದಳು. ನಿವೃತ್ತರಿಗೆ ಎಲ್ಲ ದಿನವೂ ರಜೆಯೇ. ಆದರೂ ಎರಡನೇ ಶನಿವಾರ ಎಂದರೆ ನಮ್ಮಂಥವರ ಮೈಯಲ್ಲಿ ಏನೋ ಒಂದು ಸಂತೋಷ ಈಗಲೂ ಏಳುತ್ತದೆ.

ಹಿಂದಿನ ದಿನ ಖೈರು ಫೋನ್ ಮಾಡುವಳು: "ನಾಳಿ ಬರ್ಲಿಕತ್ತೀಯಲ್ಲ? ಗಿರಿಜಾ ಬರ್ಲಿಕತ್ತಾಳ." ನಾನು, ಗಿರಿಜಾ ಒಂದೇ ಗಾಡಿ. ನಾನು ಸೇಡಂನಲ್ಲಿ ಹತ್ತಿದರೆ ಅವಳು ಚಿತ್ತಾಪುರದಲ್ಲಿ ನೀರಿನ ನಲ್ಲಿಯ ಪಕ್ಕ ನಿಂತಿರುವಳು. ನನ್ನ ಕಿಟಕಿ ಎಲ್ಲಿದೆ ಎಂದು ಒಮ್ಮೆ ನೋಡಿಕೊಂಡು, ಬೇಕಂತಲೇ ಬೇರೆ ಡಬ್ಬಿ ಹತ್ತುವಳು. ವಾಡಿಯಲ್ಲಿ ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಇಳಿದು ಒಂದೇ ಬೆಂಚಿಗೆ ನಡೆಯುವೆವು. ಅಲ್ಲಿ ಖೈರು ಬೆಂಚಿನ ಮೇಲಿನ ಸಿಮೆಂಟ್ ಧೂಳು ಒರೆಸಿ, ನಡುವೆ ಕೂತು, ಖಿಚಡಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿರುವಳು. ಗಿರಿಜಾಳ ರೊಟ್ಟಿ, ನನ್ನ ಶೇಂಗಾ ಹಿಂಡಿ, ಅವಳ ಖಿಚಡಿ. ಉಂಡು, ಚಹಾ ಕುಡಿದು, ಮಕ್ಕಳ ಸುದ್ದಿ ಮೊಣಕಾಲಿನ ಸುದ್ದಿ ಎಲ್ಲ ವಯಾ ಖೈರು ಮುಗಿಸಿ, ಸಂಜೆಯ ಗಾಡಿಗೆ ವಾಪಸ್ಸು. ನನ್ನ ಮಟ್ಟಿಗೆ ತಿಂಗಳು ಎಂದರೆ ಅಷ್ಟೇ ಆಗಿತ್ತು. ಉಳಿದ ದಿನಗಳು ಆ ದಿನಕ್ಕೆ ಕಾಯಲು ಇದ್ದವು.

ಈ ಸಲದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಖೈರುವಿನ ಮಗಳ ಫೋನ್ ಬಂತು. "ಖಾಲಾ, ಅಮ್ಮಿ ಹೋಗಿಬಿಟ್ರು" ಎಂದಳು. ಬೆಳಿಗ್ಗೆ ಚಹಾ ಕುಡಿದು ಮಲಗಿದವಳು ಏಳಲಿಲ್ಲವಂತೆ.

ಶಹಾಬಾದಿನ ಆ ಮನೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಒಳಗೆ ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ಗೋಡೆಗೆ ಒರಗಿ ಗಿರಿಜಾ ಕೂತಿದ್ದಳು, ಛತ್ರಿ ಪಕ್ಕದಲ್ಲಿತ್ತು. ನಾನು ಹೋಗಿ ಅದೇ ಗೋಡೆಗೆ ಕೂತೆ. ನಮ್ಮಿಬ್ಬರ ನಡುವೆ ಗುರುತಿಲ್ಲದ ಒಬ್ಬ ಮುದುಕಿ. ಸ್ವಲ್ಪ ಹೊತ್ತಾದ ಮೇಲೆ ಗಿರಿಜಾ ನೀರಿನ ಗ್ಲಾಸು ಎತ್ತಿ ಆ ಮುದುಕಿಯ ಕೈಗೆ ಕೊಟ್ಟು, "ಅಕಿಗಿ ಕೊಡ್ರಿ ಯವ್ವಾ, ಬಿಸಲಾಗ ಬಂದಾಳ" ಎಂದಳು. ನಾನು ಕುಡಿದೆ. ಅಷ್ಟೇ ನಮ್ಮ ಮಾತು. ಹೊರಡುವಾಗ ಅವಳು ಯಾವಾಗ ಎದ್ದು ಹೋದಳೋ ನನಗೆ ಕಾಣಲೇ ಇಲ್ಲ.

ಮನೆಗೆ ಬಂದ ಮೇಲೆ ಒಂದು ಸಂಗತಿ ಹೊಳೆಯಿತು. ನನ್ನ ಹತ್ತಿರ ಗಿರಿಜಾಳ ಫೋನ್ ನಂಬರೇ ಇರಲಿಲ್ಲ. ನೋಡಿ, ನನ್ನ ಫೋನಿನಲ್ಲಿ ಗ್ಯಾಸಿನವನ ನಂಬರಿದೆ, ನಲ್ಲಿ ರಿಪೇರಿಯವನದಿದೆ, ಯಾವತ್ತೂ ಕರೆಯದ ದೂರದ ನೆಂಟರದೆಲ್ಲ ಇದೆ. ಹರೆಯದಿಂದ ಮುಪ್ಪಿನವರೆಗೆ ಪಕ್ಕದಲ್ಲಿ ಕೂತು ಉಂಡವಳದು ಇಲ್ಲ. ಬೇಕಾಗಿರಲೇ ಇಲ್ಲವಲ್ಲ! ಖೈರುವಿನ ಮಗಳನ್ನು ಕೇಳಬಹುದಿತ್ತು. ಆದರೆ ಕೇಳಿ, ನಂಬರು ಒತ್ತಿ, ಆ ಕಡೆಯಿಂದ ಹಲೋ ಬಂದರೆ ಏನು ಹೇಳುವುದು? "ಅಕಿಗಿ ಹೇಳು" ಎಂದು ಶುರು ಮಾಡಲು ಯಾರಿದ್ದಾರೆ? ಖೈರು ಹೋದ ದುಃಖ ಒಂದು ಕಡೆ. ಅದರ ಜೊತೆಗೆ ಗಿರಿಜಾಳನ್ನೂ ಕಳೆದುಕೊಳ್ಳುತ್ತೇನೆ, ಅವಳು ಬದುಕಿದ್ದಾಗಲೇ, ಇದೇ ಲೈನಿನ ಒಂದು ಸ್ಟೇಷನ್ನಿನಲ್ಲಿ ಇದ್ದಾಗಲೇ ಕಳೆದುಕೊಳ್ಳುತ್ತೇನೆ ಎಂಬ ಭಯ ಇನ್ನೊಂದು ಕಡೆ. ನಿಜ ಹೇಳಬೇಕೆಂದರೆ ಎರಡನೆಯದೇ ನನ್ನ ನಿದ್ದೆ ಕೆಡಿಸಿತು.

ಹೋದ ತಿಂಗಳು ಎರಡನೇ ಶನಿವಾರ ಬಂತು. ಹಿಂದಿನ ದಿನ ಫೋನ್ ಬರಲಿಲ್ಲ. ಆದರೂ ಶೇಂಗಾ ಹಿಂಡಿ ಕುಟ್ಟಿ, ಡಬ್ಬಿ ಕಟ್ಟಿಕೊಂಡು ಹೊರಟೆ. ಸೊಸೆ, "ಯಾರ್ ಬರ್ತಾರಂತ ಹೊಂಟೀರಿ ಅತ್ತೀ?" ಎಂದಳು. ಗಾಡಿಯಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮಳಖೇಡ ದಾಟಿತು. ಗಾಡಿ ಚಿತ್ತಾಪುರದ ಪ್ಲಾಟ್‌ಫಾರ್ಮಿಗೆ ಬರುತ್ತಿದ್ದಂತೆ ನಲ್ಲಿಯ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.

ಹೋಯಿತು ಎಂದುಕೊಂಡೆ. ಆಗ ಛತ್ರಿ ಕಾಣಿಸಿತು. ಗಿರಿಜಾ ಗಾಡಿಯ ಪಕ್ಕ ಬಿರಬಿರನೆ ನಡೆಯುತ್ತ ಒಂದೊಂದೇ ಕಿಟಕಿಗೆ ಇಣುಕುತ್ತಿದ್ದಳು. ನನ್ನನ್ನೇ ಹುಡುಕುತ್ತಿದ್ದಾಳೆ ಎಂದು ಗೊತ್ತಾಯಿತು, ಯಾಕೆಂದು ಗೊತ್ತಾಗಲಿಲ್ಲ. ಬೇರೆ ಡಬ್ಬಿ ಹತ್ತಲಿಕ್ಕೋ, ಇದೇ ಡಬ್ಬಿ ಹತ್ತಲಿಕ್ಕೋ? ಕೂಗಬೇಕೆಂದರೆ ಹೆಸರು ಬಾಯಿಗೆ ಬರಲಿಲ್ಲ. ಅಷ್ಟು ವರ್ಷ "ಅಕಿ" ಎಂದವಳನ್ನು ಹೆಸರು ಹಿಡಿದು ಕೂಗಲು ನಾಲಿಗೆ ಮರೆತಿತ್ತು. ಚೀಲದಿಂದ ಕರ್ಚೀಫು ತೆಗೆದು, ಕಿಟಕಿಯಿಂದ ಕೈ ಹೊರಗೆ ಹಾಕಿ, ಗಾರ್ಡು ಬಾವುಟ ಬೀಸುವ ಹಾಗೆ ಬೀಸಿದೆ. ಅವಳು ನಿಂತು ನೋಡಿದಳು. ನಾನು ಎದ್ದು, ಆ ಕರ್ಚೀಫನ್ನು ಕಿಟಕಿಯ ಸೀಟಿಗೆ ಹಾಸಿ, ನಡುವಿನ ಸೀಟು ಬಿಟ್ಟು ಈಚೆ ತುದಿಗೆ ಕೂತೆ.

ಆಗಷ್ಟೇ ಹತ್ತಿ ನಿಂತಿದ್ದವರೊಬ್ಬರು, "ಇಲ್ಲಿ ಯಾರರೆ ಬರ್ತಾರೇನ್ರೀ?" ಎಂದು ಕೇಳಿದರು.

"ಬರ್ತಾರ್ರೀ" ಎಂದೆ. ನನ್ನ ದನಿಯಲ್ಲಿ ಧೈರ್ಯವಿರಲಿಲ್ಲ.

ಗಿರಿಜಾ ಬಂದಳು. ಕರ್ಚೀಫು ನೋಡಿದಳು. ಅದನ್ನು ತೆಗೆಯಲಿಲ್ಲ, ಅದರ ಮೇಲೆಯೇ ಕೂತಳು. ಗಾಡಿ ಹೊರಟಿತು. ನಮ್ಮ ನಡುವೆ ಖಾಲಿ ಸೀಟು. ಅವಳು ಕಿಟಕಿಯಾಚೆ ನೋಡುತ್ತಲೇ ಆ ಖಾಲಿ ಜಾಗಕ್ಕೆ ಹೇಳಿದಳು: "ಖೈರು, ಅಕಿಗಿ ಹೇಳು, ಭಾಳ ಸೊರಗ್ಯಾಳ. ಉಣ್ಣಂಗಿಲ್ಲೇನಂತ ಕೇಳು."

ಈ ಮಾತನ್ನು ದಾಟಿಸುವವರು ಇರಲಿಲ್ಲ. ಅದು ಆ ಸೀಟಿನ ಮೇಲೆಯೇ ಉಳಿಯಿತು. ನಾನು ಎದ್ದು ನಡುವಿನ ಸೀಟಿಗೆ ಸರಿದೆ.

"ನನಗೇ ಕೇಳು, ಗಿರಿಜಾ" ಎಂದೆ.

ಅವಳು ತಿರುಗಿ ನೋಡಿದಳು. ಡಬ್ಬಿಯ ತುಂಬ ಕೇಳುವಂಥ ದನಿಯುಳ್ಳ ಆ ಹೆಂಗಸು ಸದ್ದಿಲ್ಲದೆ ಅಳತೊಡಗಿದಳು. ನಾನೂ ಅತ್ತೆ. ಈಚೆ ತುದಿಯ ಸೀಟು ಖಾಲಿಯಾಗಿತ್ತಲ್ಲ, ನಿಂತಿದ್ದವರು ಪಾಪ ಎಷ್ಟು ಹೊತ್ತು ಕಾದಾರು, ಕೂತುಕೊಂಡರು. ಗಿರಿಜಾ ತನ್ನ ಕೆಳಗಿದ್ದ ಕರ್ಚೀಫು ಎಳೆದು ಮೂಗು ಒರೆಸಿಕೊಂಡಳು. ಆಮೇಲೆ, "ಮೊದಲ ನಿನ್ನ ಫೋನ್ ನಂಬರ್ ಹೇಳು" ಎಂದಳು.

ವಾಡಿಯ ಬೆಂಚಿನ ಮೇಲೆ ನೇರವಾಗಿ ಮಾತಾಡುವುದು ಎಷ್ಟು ಕಷ್ಟವೆಂದು ತಿಳಿಯಿತು. ತಿದ್ದುವವರಿಲ್ಲ. ಪಲ್ಯಕ್ಕೆ ಉಪ್ಪಿಲ್ಲ ಎಂದರೆ ಉಪ್ಪಿಲ್ಲ ಎಂದೇ ಅವಳಿಗೆ ಕೇಳಿಸುತ್ತದೆ. ಚಹಾ ಬರುವಷ್ಟರಲ್ಲಿ ಎರಡು ಸಲ ಜಗಳವಾಯಿತು. ಮೂರನೆಯದು ಶುರುವಾಗುವ ಮೊದಲು ಇಬ್ಬರೂ ನಡುವೆ ನೋಡಿದೆವು. ಅಲ್ಲಿ ರೊಟ್ಟಿಯ ಗಂಟು ಮಾತ್ರ ಇತ್ತು. ಗಿರಿಜಾಳೇ ನಿಧಾನಕ್ಕೆ, "ಪಲ್ಯಾ ಛಲೋ ಆಗ್ಯಾದಂತ ಮೊದಲ ಅನ್ನಬೇಕು. ಆಮ್ಯಾಲ ಉಪ್ಪ. ಖೈರು ಹಂಗ ಅಂತಿದ್ಲು" ಎಂದಳು. ಹಾಗೆಯೇ ಅಂದೆ. ಅವತ್ತು ಆ ಕರ್ಚೀಫು ಅವಳ ಜೊತೆಗೇ ಹೋಯಿತು. ಈ ಸಲ ನಾನು ಕೇಳಲಿಲ್ಲ.

ನಿನ್ನೆ ಮತ್ತೆ ಎರಡನೇ ಶನಿವಾರ. ಹೋಗಿ ಬಂದೆವು. ಗಿರಿಜಾ ಯಾವಾಗಲೋ ನನ್ನ ಕಣ್ಣು ತಪ್ಪಿಸಿ, ಒಗೆದ ಕರ್ಚೀಫನ್ನು ಚೀಲದೊಳಗೆ ತುರುಕಿದ್ದಾಳೆ. ಅದನ್ನು ಕೈಯಲ್ಲಿ ಹಿಡಿದು ಕೂತವಳು ಈಗ ಫೋನ್ ಎತ್ತಿಕೊಂಡೆ. ಈ ತಿಂಗಳೆಲ್ಲ ಫೋನ್ ಮಾಡಿದ್ದು ಅವಳೇ. ನಾನಾಗಿ ಮಾಡಿದ್ದು ಇದೇ ಮೊದಲು.

"ಕರ್ಚೀಫ್ ಸಿಕ್ತು" ಎಂದೆ. "ಹಳೇದು ಮಾತ್ರ ಕಿಟಕ್ಯಾಗಿಂದ ಹಾರಿ ಹೋತು, ಏನು?"

"ಹಾರಿಲ್ಲ" ಎಂದಳು ಗಿರಿಜಾ. "ನನ್ನ ಟ್ರಂಕಿನ್ಯಾಗ ಅದ. ನಿಮ್ಮವ್ವ ಹಾಕಿದ ಹೂವಾ ಇನ್ನಾ ಹಂಗೇ ಅವ. ಖೈರುಗ ಗೊತ್ತಿತ್ತು."

ನಮ್ಮ ಇಷ್ಟೊಂದು ಮಾತು ದಾಟಿಸಿದವಳು ಅದೊಂದನ್ನು ತನ್ನಲ್ಲೇ ಇಟ್ಟುಕೊಂಡು ಹೋಗಿದ್ದಳು. "ಮತ್ತ ಯಾಕ ಕೊಡಲಿಲ್ಲ?" ಎಂದು ಕೇಳಿದೆ.

"ಕೊಟ್ಟಿದ್ರ ಜಗಳ ಮುಗೀತಿತ್ತು. ಜಗಳ ಮುಗದ್ರ ಖೈರು ನಡುವ ಯಾಕ ಕುಂದ್ರತಿದ್ಲು? ಅಕಿಗಿ ಆ ಕೆಲಸ ಭಾಳ ಸೇರ್ತಿತ್ತು. ನನಗೂ ಸೇರ್ತಿತ್ತು." ತಡೆದು, "ಕೇಳಿಸ್ತೇನು?" ಎಂದಳು.

"ಕೇಳಿಸ್ತು" ಎಂದೆ.

"ಬೇಕಂದ್ರ ಮುಂದಿನ ತಿಂಗಳ ತರ್ತೀನಿ."

"ಬ್ಯಾಡ. ಇಟ್ಕೋ."

ಫೋನ್ ಇಟ್ಟೆ. ಸೊಸೆ ಮತ್ತೆ ಇಣುಕಿ, "ನೆಗಡಿ ಭಾಳೇ ಆಗ್ಯಾದಲ್ರೀ ಅತ್ತೀ, ಕಣ್ಣಾಗೂ ನೀರ್ ಬರ್ಲಿಕತ್ತಾವ" ಎಂದಳು. ಮುಖಕ್ಕೆಂದು ಇಟ್ಟ ಕರ್ಚೀಫು ಚೀಲದಲ್ಲಿ ಎಲ್ಲೋ ಅಡಿಗೆ ಹೋಗಿತ್ತು. ಸೀಟಿನ ಕರ್ಚೀಫಿನ ಮಡಿಕೆ ಬಿಡಿಸಿ ಅದರಲ್ಲೇ ಕಣ್ಣು ಒರೆಸಿಕೊಂಡೆ.